ಜೇಜುರಿ ದಾರಿಯ ಮೈದಾನದಲ್ಲಿ ನಾಲ್ಕು ವೆಬ್‌ಕ್ಯಾಮ್, ಒಂದು ಟೆಂಪೊ: ಮಾದರಿ ವಿಮಾನ ಮೇಳದ ಚಿತ್ರೀಕರಣ

ಪುಣೆಯಿಂದ ಸಾಸವಡ ದಾಟಿ ಜೇಜುರಿ ಕಡೆ ಹೋಗುವ ದಾರಿಯ ಪಕ್ಕದಲ್ಲಿ ಒಂದು ಬೀಳು ಜಮೀನು. ಜನವರಿಯ ಒಂದು ಶನಿವಾರ ಮತ್ತು ಭಾನುವಾರ ಅಲ್ಲಿ ರಿಮೋಟ್‌ನಿಂದ ಹಾರಿಸುವ ಮಾದರಿ ವಿಮಾನಗಳ ಮೇಳ. ಹಾರಿಸುವವರು ಪುಣೆ, ಮುಂಬೈ, ಕೊಲ್ಹಾಪುರದ ಹವ್ಯಾಸಿಗಳು. ಅದನ್ನು ಚಿತ್ರೀಕರಿಸಿ ಕನ್ನಡ ಮತ್ತು ಮರಾಠಿ ವಿವರಣೆಯೊಂದಿಗೆ ನೇರ ಪ್ರಸಾರ ಮಾಡಲು ಒಪ್ಪಿಕೊಂಡದ್ದು ಪುಣೆಯಲ್ಲಿ ಕೆಲಸಕ್ಕಿರುವ 11 ಜನ ಕನ್ನಡಿಗ ಸ್ವಯಂಸೇವಕರ ತಂಡ. ಸಂಬಳವಿಲ್ಲ. ಕೈಯಲ್ಲಿದ್ದ ಸಾಮಾನು ನಾಲ್ಕು ಯುಎಸ್‌ಬಿ ವೆಬ್‌ಕ್ಯಾಮ್, ಒಂದು ಫುಲ್‌ಫ್ರೇಮ್ ಕ್ಯಾಮೆರಾ, ಕ್ಯಾಮೆರಾ ವಾಲದಂತೆ ಮೋಟರಿನಿಂದ ಹಿಡಿದಿಡುವ ಮೂರು ಅಕ್ಷದ ಒಂದು ಗಿಂಬಲ್ ಮತ್ತು ಬಾಡಿಗೆಗೆ ತಂದ ಒಂದು ಸಣ್ಣ ಟೆಂಪೊ.

ತಂಡ ಮೊದಲು ಬರೆದುಕೊಂಡದ್ದು ಒಂದೇ ನಿಯಮ. ಹಾರಿಸುವವರ ರೇಡಿಯೊ ಅಲೆಗೂ ಕಣ್ಣಿಗೂ ನಡೆದಾಡುವ ದಾರಿಗೂ ಚಿತ್ರೀಕರಣ ಅಡ್ಡ ಬರಕೂಡದು. ಮುಂದಿನ ಪ್ರತಿ ಆಯ್ಕೆಯೂ ಈ ನಿಯಮದಿಂದ ಹುಟ್ಟಿದೆ, ಕೆಲವು ದುಬಾರಿಯಾಗಿಯೂ ಹುಟ್ಟಿವೆ.

ಜಾಗ ಮತ್ತು ಬಿಸಿಲು

ಮೇಳಕ್ಕೆ ಇಷ್ಟು ದೂರದ ಜಾಗ ಹಿಡಿದಿದ್ದಕ್ಕೆ ಕಾರಣವಿದೆ. ಪುಣೆಯ ಲೋಹಗಾಂವ್ ನಿಲ್ದಾಣ ವಾಯುಪಡೆಯ ನೆಲೆಯೂ ಹೌದು. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಲು ಮುಂಚಿತ ಅನುಮತಿ ಬೇಕಿಲ್ಲ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ಒಳಗೆ ಆ ಮಿತಿ 200 ಅಡಿಗೆ ಇಳಿಯುತ್ತದೆ, ಇನ್ನೂ ಹತ್ತಿರ ಬಂದರೆ ಅನುಮತಿ ಇಲ್ಲದೆ ಏನೂ ಹಾರಿಸುವಂತಿಲ್ಲ. ಸಾಸವಡದ ಆಚೆಗೆ ಈ ತೊಡಕಿಲ್ಲ. ಆದರೂ ಈ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ಮೇಳದ ದಿನ ಬೆಳಿಗ್ಗೆ ಮತ್ತೊಮ್ಮೆ ತೆರೆದು ನೋಡಬೇಕು, ವಲಯಗಳು ತಾತ್ಕಾಲಿಕವಾಗಿ ಬಣ್ಣ ಬದಲಿಸುವುದುಂಟು. ಪೊಲೀಸ್ ಠಾಣೆಗೆ ಪತ್ರ ಕೊಡುವ ಕೆಲಸ ಮೇಳದವರದು. ಚಿತ್ರೀಕರಣದ ವಿಷಯವನ್ನೂ ಅದೇ ಪತ್ರದಲ್ಲಿ ಸೇರಿಸಲು ಹೇಳಿದ್ದು ಒಳ್ಳೆಯದಾಯಿತು.

ರನ್‌ವೇ ಎಂದರೆ ಗರಸು ಮಣ್ಣು ಹಾಕಿ ರೋಲರ್ ಹೊಡೆದ ಪಟ್ಟಿ. ಉದ್ದ 120 ಮೀಟರ್, ಅಗಲ 12, ಪೂರ್ವ ಪಶ್ಚಿಮವಾಗಿ. ಚಳಿಗಾಲದ ಬೆಳಿಗ್ಗೆ ಇಲ್ಲಿ ಗಾಳಿ ಪೂರ್ವದಿಂದ ಮೆಲ್ಲಗೆ ಬರುತ್ತದೆ, ಮಧ್ಯಾಹ್ನದ ನಂತರ ಪಶ್ಚಿಮಕ್ಕೆ ತಿರುಗುತ್ತದೆ. ಹೀಗಾಗಿ ವಿಮಾನಗಳು ಬೆಳಿಗ್ಗೆ ಪೂರ್ವಕ್ಕೆ ಏರುತ್ತವೆ, ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ. ಇದು ಮುಂದೆ ಟೆಂಪೊ ವಿಷಯದಲ್ಲಿ ದೊಡ್ಡ ಸಂಗತಿಯಾಯಿತು. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಪುಣೆಯ ಅಕ್ಷಾಂಶದಲ್ಲಿ ನಡುಹಗಲಲ್ಲೂ ಸುಮಾರು 50 ಡಿಗ್ರಿ ಎತ್ತರ ಮಾತ್ರ. ಆದ್ದರಿಂದ ಹಾರಿಸುವವರು, ಪ್ರೇಕ್ಷಕರು, ಕ್ಯಾಮೆರಾಗಳು ಎಲ್ಲರೂ ರನ್‌ವೇಯ ದಕ್ಷಿಣಕ್ಕೆ. ಬಿಸಿಲು ಬೆನ್ನಿಗೆ, ಹಾರಾಟ ಉತ್ತರದ ಖಾಲಿ ಜಮೀನಿನ ಮೇಲೆ. ರನ್‌ವೇ ಅಂಚಿನಿಂದ 8 ಮೀಟರ್ ಹಿಂದೆ ಹಾರಿಸುವವರ ಗೆರೆ, ಅದರ 15 ಮೀಟರ್ ಹಿಂದೆ ವಿಮಾನ ಜೋಡಿಸುವ ಪಿಟ್, ಇನ್ನೂ 30 ಮೀಟರ್ ಹಿಂದೆ ಬಲೆ ಕಟ್ಟಿ ಪ್ರೇಕ್ಷಕರು.

ವೆಬ್‌ಕ್ಯಾಮ್ ಏನನ್ನು ಹಿಡಿಯುತ್ತದೆ, ಏನನ್ನು ಹಿಡಿಯುವುದಿಲ್ಲ

ಹೊಸಬರು ವೆಬ್‌ಕ್ಯಾಮ್ ಎತ್ತಿ ಆಕಾಶಕ್ಕೆ ತಿರುಗಿಸುತ್ತಾರೆ. ಲೆಕ್ಕ ಹಾಕಿದರೆ ಆಸೆ ಇಳಿಯುತ್ತದೆ. ಮಾಮೂಲಿ ವೆಬ್‌ಕ್ಯಾಮ್‌ನ ನೋಟ ಕರ್ಣದ ಉದ್ದಕ್ಕೆ 78 ಡಿಗ್ರಿ, ಅಡ್ಡಕ್ಕೆ ಸುಮಾರು 70. ಅರವತ್ತು ಮೀಟರ್ ದೂರದಲ್ಲಿ ಆ ನೋಟ 85 ಮೀಟರ್ ಅಗಲವನ್ನು ತುಂಬಿಕೊಳ್ಳುತ್ತದೆ. ರೆಕ್ಕೆಯಿಂದ ರೆಕ್ಕೆಗೆ 2 ಮೀಟರ್ ಇರುವ ವಿಮಾನ 1920 ಪಿಕ್ಸೆಲ್ ಚಿತ್ರದಲ್ಲಿ 45 ಪಿಕ್ಸೆಲ್ ಆಗಿ ಕೂರುತ್ತದೆ. ಕಾಗೆಯೋ ವಿಮಾನವೋ ಗೊತ್ತಾಗುವುದಿಲ್ಲ.

ಹಾಗಾಗಿ ವೆಬ್‌ಕ್ಯಾಮ್‌ಗಳಿಗೆ ಹಾರಾಟ ತೋರಿಸುವ ಕೆಲಸ ಕೊಡಲಿಲ್ಲ. ಒಂದು, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಮತ್ತು ರನ್‌ವೇ ಒಟ್ಟಿಗೆ ಕಾಣುವಂತೆ ಪಶ್ಚಿಮ ಬದಿಗೆ, ಒಂದು ಪೂರ್ವ ತುದಿಗೆ, ಒಂದು ಪಿಟ್‌ಗೆ, ಇನ್ನೊಂದು ಹಾರಿಸುವವರ ಬೆನ್ನ ಹಿಂದೆ. ಪೂರ್ವ ತುದಿಯದನ್ನು ಮೊದಲ ದಿನ ಪೂರ್ವಕ್ಕೇ ತಿರುಗಿಸಿ ನಿಲ್ಲಿಸಿದ್ದರು. ಬೆಳಿಗ್ಗೆ ಏಳೂಕಾಲರಿಂದ ಎಂಟೂವರೆಯವರೆಗೆ ಅದರಲ್ಲಿ ಬಿಳಿ ಬೆಳಕು ಬಿಟ್ಟು ಏನೂ ಇಲ್ಲ. ಎರಡನೇ ದಿನ ಅದೇ ಕಂಬದಲ್ಲಿ ವಾಯವ್ಯಕ್ಕೆ ತಿರುಗಿಸಿದರು, ತೊಂದರೆ ಮುಗಿಯಿತು.

ಕಂಬಕ್ಕೆ ಒಂದೂವರೆ ಇಂಚಿನ 3 ಮೀಟರ್ ಜಿಐ ಪೈಪು, ಮೂರು ಬಿಗಿಹಗ್ಗ, ಹಗ್ಗಕ್ಕೆ ಕೆಂಪು ಬಟ್ಟೆ ತುಂಡು. ಬಟ್ಟೆ ಕಟ್ಟದಿದ್ದರೆ ಯಾರಾದರೂ ಕಾಲು ತೊಡರಿಸಿಕೊಂಡೇ ತೀರುತ್ತಾರೆ. ಬಿಸಿಲು ಮತ್ತು ಧೂಳಿಗೆ 110 ಮಿಲಿಮೀಟರ್ ಪಿವಿಸಿ ಡ್ರೈನ್ ಪೈಪಿನ ಒಂದು ಅಡಿ ತುಂಡಿಗೆ ಒಳಗೆ ಮ್ಯಾಟ್ ಕಪ್ಪು ಬಳಿದು ಅದರೊಳಗೆ ಕ್ಯಾಮೆರಾ ಕೂರಿಸಿದ್ದು. ಮುಂದೆ ಗಾಜು ಹಾಕಬಾರದು, ಬಿಸಿಲಲ್ಲಿ ಅದು ಕನ್ನಡಿಯಾಗುತ್ತದೆ.

ಸೆಟ್ಟಿಂಗ್ ವಿಷಯದಲ್ಲಿ ಮೂರು ಕಡೆ ಕೈ ಸುಡುತ್ತದೆ. ಆಟೋಫೋಕಸ್ ಆಕಾಶ ಕಂಡರೆ ಹಿಂದೆ ಮುಂದೆ ಅಲೆಯುತ್ತದೆ, ಅದನ್ನು ಬಂದ್ ಮಾಡಿ ಫೋಕಸನ್ನು ಅನಂತಕ್ಕೆ ಕಟ್ಟಬೇಕು. ಹೆಚ್ಚಿನ ವೆಬ್‌ಕ್ಯಾಮ್‌ಗಳಲ್ಲಿ ಆ ಸಂಖ್ಯೆ ಸೊನ್ನೆ. ಆಟೋ ಎಕ್ಸ್‌ಪೋಷರ್ ಆಕಾಶಕ್ಕೆ ಅಳತೆ ಮಾಡಿ ನೆಲವನ್ನು ಕಪ್ಪಗೆ ಮಾಡುತ್ತದೆ, ಅದನ್ನು ಕೈಯಿಂದ ಇಟ್ಟು ಎಂಟು, ಹನ್ನೊಂದು, ನಾಲ್ಕು ಗಂಟೆಗೆ ಬದಲಿಸಬೇಕು. ಮೂರನೆಯದು ಎಲ್ಲಕ್ಕಿಂತ ಕಳ್ಳ. ಕೇಬಲ್ ಒಮ್ಮೆ ಅಲುಗಿ ಯುಎಸ್‌ಬಿ ಸಂಪರ್ಕ ತಪ್ಪಿ ಮತ್ತೆ ಬಂದರೆ ಈ ಎಲ್ಲ ಸೆಟ್ಟಿಂಗ್‌ಗಳೂ ಕಾರ್ಖಾನೆಯ ಮೂಲಕ್ಕೆ ಮರಳುತ್ತವೆ. ಚಿತ್ರ ಬರುತ್ತಿರುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ಕ್ಯಾಮೆರಾ ಜೋಡಣೆಯಾದ ಕೂಡಲೇ ತಾನೇ ಸೆಟ್ಟಿಂಗ್ ಹಾಕುವ ಸಣ್ಣ ಸ್ಕ್ರಿಪ್ಟ್ ಬರೆದಿಟ್ಟರೆ ಈ ಕಾಟ ಇಲ್ಲ.

ವೈಫೈ ಬೇಡ ಎಂದದ್ದು ಯಾಕೆ

ಇಡೀ ಯೋಜನೆಯಲ್ಲಿ ಹೆಚ್ಚು ವಾದ ನಡೆದದ್ದು ಇಲ್ಲಿ. ವೈಫೈ ಇದ್ದರೆ ಕೇಬಲ್ ಎಳೆಯುವ ಗೋಜಿಲ್ಲ. ಆದರೆ ಇವತ್ತಿನ ಮಾದರಿ ವಿಮಾನಗಳ ರಿಮೋಟ್‌ಗಳೆಲ್ಲ ಬಹುತೇಕ 2.4 ಗಿಗಾಹರ್ಟ್ಸ್‌ನಲ್ಲಿ, ಅಂದರೆ 2400ರಿಂದ 2483.5 ಮೆಗಾಹರ್ಟ್ಸ್ ನಡುವೆ, ಒಂದು ತರಂಗದಿಂದ ಇನ್ನೊಂದಕ್ಕೆ ಜಿಗಿಯುತ್ತ ಕೆಲಸ ಮಾಡುತ್ತವೆ. ವೈಫೈಯೂ ಅದೇ ಪಟ್ಟಿಯಲ್ಲಿದೆ. ಒಂದು ವೈಫೈ ಪೆಟ್ಟಿಗೆಯಿಂದ ವಿಮಾನ ಬೀಳುವುದಿಲ್ಲ, ಜಿಗಿತದ ಪದ್ಧತಿ ಇರುವುದೇ ಅದಕ್ಕೆ. ಆದರೆ ಹಾರಿಸುವವರ ಗೆರೆಯಲ್ಲಿ ಹತ್ತು ರಿಮೋಟ್ ಒಟ್ಟಿಗೆ ಚಾಲೂ ಇರುವಾಗ ಅದರ ಮೇಲೆ ಎಡೆಬಿಡದೆ ವಿಡಿಯೊ ಹರಿಸುವ ನಾಲ್ಕು ಕ್ಯಾಮೆರಾ ಸೇರಿದರೆ ಉಳಿದಿರುವ ಅಂಚು ಸವೆಯುತ್ತದೆ. ಸವೆದದ್ದು ಗೊತ್ತಾಗುವುದು ವಿಮಾನ ದೂರ ಹೋದಾಗ.

ಪರೀಕ್ಷೆ ಸುಲಭ. ರಿಮೋಟ್‌ನಲ್ಲಿ ಶಕ್ತಿ ತಗ್ಗಿಸಿ ದೂರ ಪರೀಕ್ಷಿಸುವ ಆಯ್ಕೆ ಇರುತ್ತದೆ, ಹೆಚ್ಚಿನ ಕೈಪಿಡಿಗಳು ಸುಮಾರು 30 ಹೆಜ್ಜೆ ನಡೆದು ನೋಡಿ ಎನ್ನುತ್ತವೆ. ಶುಕ್ರವಾರ ಸಂಜೆ ಚಿತ್ರೀಕರಣದ ಸಾಮಾನೆಲ್ಲ ಬಂದ್ ಮಾಡಿ ಒಮ್ಮೆ, ಎಲ್ಲ ಚಾಲೂ ಮಾಡಿ ಇನ್ನೊಮ್ಮೆ ನಡೆದು ನೋಡಿದರು. ಮೊಬೈಲ್ ಹಾಟ್‌ಸ್ಪಾಟನ್ನು ವಿಮಾನದ ಪಕ್ಕ ಇಟ್ಟಾಗ ಹೆಜ್ಜೆಗಳು ಗಮನಕ್ಕೆ ಬರುವಷ್ಟು ಕಡಿಮೆಯಾದವು. ವಾದ ಅಲ್ಲಿಗೆ ಮುಗಿಯಿತು.

ತೀರ್ಮಾನ ಇಷ್ಟು. ವೆಬ್‌ಕ್ಯಾಮ್‌ಗಳೆಲ್ಲ ತಂತಿಯಲ್ಲಿ. ಹಾರಿಸುವವರ ಗೆರೆಯಿಂದ 30 ಮೀಟರ್ ಒಳಗೆ ಸ್ವಯಂಸೇವಕರ ಮೊಬೈಲ್‌ಗಳಲ್ಲಿ ವೈಫೈ, ಹಾಟ್‌ಸ್ಪಾಟ್ ಬಂದ್. ಅಗ್ಗದ ನಿಸ್ತಂತು ಕಾಲರ್ ಮೈಕ್‌ಗಳೂ 2.4 ಗಿಗಾಹರ್ಟ್ಸ್‌ನವೇ, ಅವೂ ಬೇಡ. ವಿವರಣೆಗೆ ತಂತಿಯ ಡೈನಾಮಿಕ್ ಮೈಕ್, ಮೇಲೆ ಸ್ಪಂಜಿನ ಟೋಪಿ. ಎಲ್ಲೋ ಒಂದು ಕಡೆ ನಿಸ್ತಂತು ಬೇಕೇ ಬೇಕೆಂದರೆ 5 ಗಿಗಾಹರ್ಟ್ಸ್‌ನ ಕೆಳಗಿನ ಚಾನೆಲ್‌ಗಳು, 36ರಿಂದ 48ರವರೆಗೆ. ಮೇಲಿನ 149 ಮತ್ತು ಅದರಾಚೆಯವು ಬೇಡ, ಯಾಕೆಂದರೆ ಕನ್ನಡಕ ಹಾಕಿಕೊಂಡು ವಿಮಾನದ ಕಣ್ಣಿಂದಲೇ ನೋಡಿ ಹಾರಿಸುವವರ ವಿಡಿಯೊ 5.8 ಗಿಗಾಹರ್ಟ್ಸ್‌ನಲ್ಲಿ ಬರುತ್ತದೆ.

ಯಾರೂ ನಿರೀಕ್ಷಿಸದ ಇನ್ನೊಂದು ಗದ್ದಲದ ಮೂಲವಿದೆ. ಯುಎಸ್‌ಬಿ 3 ವೇಗದಲ್ಲಿ ಕೆಲಸ ಮಾಡುವ ಡಿಸ್ಕ್ ಮತ್ತು ಅದರ ಕೇಬಲ್ 2.4 ಗಿಗಾಹರ್ಟ್ಸ್ ಸುತ್ತ ರೇಡಿಯೊ ಗದ್ದಲ ಎಬ್ಬಿಸುತ್ತವೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಹಾರಿಸುವವರ ಬೆನ್ನ ಹಿಂದಿನ ಕ್ಯಾಮೆರಾದ ರೆಕಾರ್ಡಿಂಗ್ ಡಿಸ್ಕನ್ನು ಯುಎಸ್‌ಬಿ 2 ಕಿಂಡಿಗೆ ಬದಲಿಸಿದರು. ಬರೆಯಬೇಕಾದದ್ದು ಸೆಕೆಂಡಿಗೆ 8 ಮೆಗಾಬಿಟ್ ಮಾತ್ರ, ಅದಕ್ಕೆ ಯುಎಸ್‌ಬಿ 2 ಧಾರಾಳ.

ತಂತಿ, ಪುಟ್ಟ ಕಂಪ್ಯೂಟರ್, ಗಡಿಯಾರ

ಯುಎಸ್‌ಬಿ 2 ಕೇಬಲ್ 5 ಮೀಟರ್ ದಾಟುವುದಿಲ್ಲ. ಮೈದಾನದಲ್ಲಿ ಬೇಕಾದದ್ದು 70, 85 ಮೀಟರ್. ಪ್ರತಿ ಕಂಬದ ಬುಡದಲ್ಲಿ ರಾಸ್ಪ್‌ಬೆರಿ ಪೈ 4 ಎಂಬ ಒಂದು ಪುಟ್ಟ ಕಂಪ್ಯೂಟರ್ ಇಟ್ಟು, ಅದರಿಂದ ಪ್ರಸಾರ ನಡೆಸುವ ಡೇರೆಗೆ ಈಥರ್ನೆಟ್ ಕೇಬಲ್ ಎಳೆದರು. ಪೈ 4 ಬೇಕೆಂದು ಹಟ ಹಿಡಿದದ್ದು ಅದರಲ್ಲಿ ವಿಡಿಯೊವನ್ನು ಎಚ್.264 ರೂಪಕ್ಕೆ ಒತ್ತುವ ಯಂತ್ರಾಂಶ ಇದೆ ಎಂಬ ಕಾರಣಕ್ಕೆ. ಹೊಸದಾದ ಪೈ 5ರಲ್ಲಿ ಅದನ್ನು ತೆಗೆದಿದ್ದಾರೆ. ಹೊಸದೇ ಒಳ್ಳೆಯದು ಎಂದು ಕೊಂಡವರು ಇಲ್ಲಿ ಬೇಸ್ತು ಬೀಳುತ್ತಾರೆ. ಒಂದು ಪೈಗೆ ಒಂದೇ ಕ್ಯಾಮೆರಾ. ಹಸಿ ಚಿತ್ರವಾಗಿ 1080 ಗೆರೆ, ಸೆಕೆಂಡಿಗೆ 30 ಚಿತ್ರ ಎಂದರೆ ಹತ್ತಿರ ಹತ್ತಿರ 1000 ಮೆಗಾಬಿಟ್. ಯುಎಸ್‌ಬಿ 2ರ ಒಟ್ಟು ದಾರಿ 480. ಆದ್ದರಿಂದ ವೆಬ್‌ಕ್ಯಾಮ್ ಚಿತ್ರವನ್ನು ಎಂಜೆಪೆಗ್ ಆಗಿ ಒತ್ತಿ ಕಳಿಸುತ್ತದೆ. ಹಾಗಿದ್ದರೂ ಪ್ರತಿ ಕ್ಯಾಮೆರಾ ಮೊದಲೇ ದಾರಿಯ ದೊಡ್ಡ ಪಾಲನ್ನು ಕಾಯ್ದಿರಿಸಿಕೊಳ್ಳುತ್ತದೆ, ಅದೇ ಹಬ್‌ಗೆ ಎರಡನೆಯದನ್ನು ಸಿಕ್ಕಿಸಿದರೆ ಅದು ತೆರೆಯುವುದೇ ಇಲ್ಲ.

ಕೇಬಲ್ 305 ಮೀಟರಿನ ಒಂದು ಪೆಟ್ಟಿಗೆ. ಪಶ್ಚಿಮಕ್ಕೆ 70, ಪೂರ್ವಕ್ಕೆ 85, ಪಿಟ್‌ಗೆ 35, ಗೆರೆಗೆ 25, ಒಟ್ಟು 215 ಮೀಟರ್. ಉಳಿದದ್ದು ಸುತ್ತು ಬಳಸಿಗೆ. ಅದೇ ಕೇಬಲ್‌ನಲ್ಲಿ 48 ವೋಲ್ಟ್ ಕಳಿಸಿ, ಕಂಬದ ಬಳಿ ಅದನ್ನು 5 ವೋಲ್ಟ್‌ಗೆ ಇಳಿಸಿ ಪೈಗೆ ಕೊಟ್ಟರು. ಪುಣೆಯ ತಾಪಕೀರ ಗಲ್ಲಿಯಲ್ಲಿ ಕೇಬಲ್ ಕೊಳ್ಳುವಾಗ ಒಂದೇ ಎಚ್ಚರ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರುವುದನ್ನು ತಾಮ್ರದ್ದೇ ಎಂದು ಮಾರುತ್ತಾರೆ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಹತ್ತು ಮೀಟರಿಗೆ ಅದು ನಡೆದೀತು. ಎಂಬತ್ತೈದು ಮೀಟರಿಗೆ ವೋಲ್ಟ್ ಇಳಿದು, ಪೈ ಆಗಾಗ ತಾನೇ ಮರುಚಾಲನೆಯಾಗಬಹುದು. ಅದರ ಕಾರಣ ಹುಡುಕುತ್ತ ಅರ್ಧ ದಿನ ಹೋಗುತ್ತದೆ.

ರೆಕಾರ್ಡಿಂಗ್ ಎಂಕೆವಿ ರೂಪದಲ್ಲಿ. ಎಂಪಿ4 ಆದರೆ ಫೈಲ್ ಮುಗಿಯುವ ಮುನ್ನ ಕರೆಂಟು ಹೋದಾಗ ಇಡೀ ಫೈಲ್ ತೆರೆಯದೆ ಹೋಗುತ್ತದೆ. ಗಂಟೆಗೆ 3.6 ಜಿಬಿ ಪ್ರಕಾರ ನಾಲ್ಕು ಕ್ಯಾಮೆರಾ, ಏಳು ಗಂಟೆ, ಸುಮಾರು 100 ಜಿಬಿ.

ಇಷ್ಟೆಲ್ಲ ಯೋಚಿಸಿದವರು ಗಡಿಯಾರ ಮರೆತಿದ್ದರು. ಪೈ 4ರೊಳಗೆ ಬ್ಯಾಟರಿ ಇರುವ ಗಡಿಯಾರವಿಲ್ಲ. ಇಂಟರ್ನೆಟ್ ಸಿಗದೆ ಚಾಲೂ ಆದರೆ ಅದು ಹಿಂದೆ ಬಂದ್ ಆದ ಸಮಯದಿಂದ ಎಣಿಕೆ ಶುರು ಮಾಡುತ್ತದೆ. ಶನಿವಾರದ ಫೈಲ್‌ಗಳಲ್ಲಿ ಎರಡು ಕ್ಯಾಮೆರಾದವು ಶುಕ್ರವಾರ ರಾತ್ರಿಯವಾಗಿ ಕಂಡವು. ಭಾನುವಾರ ಡೇರೆಯ ಲ್ಯಾಪ್‌ಟಾಪನ್ನೇ ಸಮಯದ ಸರ್ವರ್ ಮಾಡಿ, ಅದು ಎದ್ದ ಮೇಲೆ ಮಾತ್ರ ಪೈಗಳಿಗೆ ಕರೆಂಟು ಕೊಟ್ಟರು. ಹತ್ತು ನಿಮಿಷದ ಕೆಲಸ. ಅದರ ಬೆಲೆ ಭಾನುವಾರ ಮಧ್ಯಾಹ್ನ ಗೊತ್ತಾಯಿತು, ಅದನ್ನು ಮುಂದೆ ಹೇಳಿದೆ.

ಕರೆಂಟು ಮತ್ತು ನೆಟ್‌ವರ್ಕ್

ನಾಲ್ಕು ಪೈ ಮತ್ತು ಕ್ಯಾಮೆರಾಗೆ 32 ವ್ಯಾಟ್, ಸ್ವಿಚ್‌ಗೆ 10, ಲ್ಯಾಪ್‌ಟಾಪ್‌ಗೆ 60, 4ಜಿ ರೂಟರ್‌ಗೆ 10, ಮಾನಿಟರ್ 20, ಧ್ವನಿ ಮಿಕ್ಸರ್ 8. ಒಟ್ಟು 140 ವ್ಯಾಟ್, ಎಂಟು ಗಂಟೆಗೆ 1120 ವ್ಯಾಟ್ ಅವರ್. ಇನ್ವರ್ಟರ್ ನುಂಗುವುದನ್ನು ಸೇರಿಸಿದರೆ ಸುಮಾರು 1320. ಮನೆಯ ಇನ್ವರ್ಟರಿನ 150 ಆಂಪಿಯರ್ ಅವರ್ ಬ್ಯಾಟರಿ ಎರಡು ಇಟ್ಟರೆ ಒಟ್ಟು 3600. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಬಾರದು ಎಂದರೂ 1800 ಸಿಗುತ್ತದೆ, ಸಾಕು. ಜನರೇಟರ್ ಬೇಡ ಎಂದರು. ಹಾರಿಸುವವರು ಎಂಜಿನ್ ಸದ್ದನ್ನು ಕೇಳಿಯೇ ಅದರ ಆರೋಗ್ಯ ಅಳೆಯುತ್ತಾರೆ, ಪಕ್ಕದಲ್ಲಿ ಜನರೇಟರ್ ಗುಡುಗುತ್ತಿದ್ದರೆ ಅವರ ಕಿವಿ ಕಟ್ಟಿದಂತೆ.

ಲೆಕ್ಕ ಸರಿಯಿತ್ತು. ಆದರೆ ಶನಿವಾರ ಹನ್ನೊಂದರ ಹೊತ್ತಿಗೆ ಬ್ಯಾಟರಿ ಲೆಕ್ಕಕ್ಕಿಂತ ಬೇಗ ಇಳಿಯುತ್ತಿತ್ತು. ಡೇರೆಯ ಹಿಂದೆ ನೋಡಿದರೆ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಯಾರದೋ ಎರಡು ಲಿಥಿಯಂ ಚಾರ್ಜರ್. ಆರು ಸೆಲ್‌ನ 5000 ಎಂಎಎಚ್ ಬ್ಯಾಟರಿಗೆ 5 ಆಂಪಿಯರ್ ಹಾಕಿದರೆ ಒಂದೇ ಚಾರ್ಜರ್ 125 ವ್ಯಾಟ್ ದಾಟುತ್ತದೆ. ಎರಡು ಸೇರಿ ಇಡೀ ಚಿತ್ರೀಕರಣಕ್ಕಿಂತ ಹೆಚ್ಚು. ಬೈಯುವಂತಿಲ್ಲ, ಖಾಲಿ ಕಿಂಡಿ ಕಂಡರೆ ಸಿಕ್ಕಿಸುವುದು ಅವರ ಸ್ವಭಾವ. ಖಾಲಿ ಕಿಂಡಿಗಳ ಮೇಲೆ ಟೇಪು ಅಂಟಿಸಿದರು.

ಪ್ರಸಾರ 720 ಗೆರೆ, ಸೆಕೆಂಡಿಗೆ 3 ಮೆಗಾಬಿಟ್. ಏಳು ಗಂಟೆಗೆ ಸುಮಾರು 9.5 ಜಿಬಿ. ಶನಿವಾರ ರೂಟರಿನಲ್ಲಿದ್ದದ್ದು ದಿನಕ್ಕೆ 2 ಜಿಬಿಯ ಪ್ರಿಪೇಯ್ಡ್ ಸಿಮ್. ಪ್ರಸಾರ ಶುರುವಾಗಿ ಒಂದೂವರೆ ಗಂಟೆಗೆ ಚಿತ್ರ ನಿಂತುಹೋಯಿತು. ಸಿಗ್ನಲ್ ಕಡ್ಡಿಗಳೆಲ್ಲ ತುಂಬಿವೆ, ಡೇಟಾ ಮಾತ್ರ 64 ಕಿಲೋಬಿಟ್‌ಗೆ ಇಳಿದಿದೆ. 2 ಜಿಬಿಯನ್ನು 3 ಮೆಗಾಬಿಟ್‌ನಿಂದ ಭಾಗಿಸಿ ನೋಡಿದ್ದರೆ 89 ನಿಮಿಷ ಎಂದು ಮನೆಯಲ್ಲೇ ಗೊತ್ತಾಗುತ್ತಿತ್ತು. ದಿನದ ಮಿತಿ ಇಲ್ಲದ ಡೇಟಾ ಪ್ಯಾಕ್ ಹಾಕಿಸಿದ ಎರಡು ಬೇರೆ ಬೇರೆ ಕಂಪನಿಯ ಸಿಮ್ ತರಬೇಕು.

ಎರಡು ಕಂಪನಿ ಯಾಕೆಂದರೆ ಭಾನುವಾರ. ಭಾನುವಾರ ಖಂಡೋಬನ ವಾರ. ಜೇಜುರಿಯ ಖಂಡೋಬ ಎಂದರೆ ನಮ್ಮ ಮೈಲಾರಲಿಂಗನೇ. ಉತ್ತರ ಕರ್ನಾಟಕದ ಗಾಡಿಗಳೂ ಆ ರಸ್ತೆಯಲ್ಲಿ ಸಾಲುಗಟ್ಟುತ್ತವೆ. ಹತ್ತು ಗಂಟೆಯ ಹೊತ್ತಿಗೆ ರಸ್ತೆ ಪಕ್ಕದ ಟವರಿಗೆ ಜೋತುಬಿದ್ದ ಫೋನುಗಳ ಸಂಖ್ಯೆ ಏರಿ ಒಂದು ಸಿಮ್‌ನ ಅಪ್‌ಲೋಡ್ 1 ಮೆಗಾಬಿಟ್‌ಗಿಂತ ಕೆಳಗೆ ಬಂತು, ಇನ್ನೊಂದು ನಡೆಯಿತು. ಸೋಮವತಿ ಅಮಾವಾಸ್ಯೆ ಬಂದರೆ ಎರಡೂ ನಡೆಯಲಾರವು. ಈ ರಸ್ತೆಯಲ್ಲಿ ಪ್ರಸಾರ ಇಟ್ಟುಕೊಳ್ಳುವವರು ಕ್ಯಾಲೆಂಡರಿನ ಜೊತೆ ಪಂಚಾಂಗವನ್ನೂ ತಿರುವಿ ಹಾಕಬೇಕು.

ಟೆಂಪೊ ಮತ್ತು ಗಿಂಬಲ್

ವೆಬ್‌ಕ್ಯಾಮ್ ಕೊಡಲಾರದ್ದನ್ನು ಕೊಡಬೇಕಾದದ್ದು ಇದು. 70 ಮಿಲಿಮೀಟರ್ ಲೆನ್ಸ್, ವಿಷಯ 25 ಮೀಟರ್ ದೂರ, ಅಲ್ಲಿ ನೋಟದ ಅಗಲ 13 ಮೀಟರಿಗಿಂತ ಸ್ವಲ್ಪ ಕಡಿಮೆ. ಅದೇ 2 ಮೀಟರಿನ ವಿಮಾನ ಈಗ 300 ಪಿಕ್ಸೆಲ್.

ಟೆಂಪೊ ಓಡುವ ಹಾದಿ ಎಲ್ಲಿ? ಉತ್ತರಕ್ಕೆ ಹಾರಾಟ. ಹಾರಿಸುವವರ ಮುಂದೆ ಹೋದರೆ ಅವರ ಕಣ್ಣಿಗೆ ಅಡ್ಡ. ಅವರ ಹಿಂದೆ ಹೋದರೆ ಪಿಟ್‌ನಿಂದ ವಿಮಾನ ಹೊತ್ತು ಬರುವವರ ಕಾಲಿಗೆ ಅಡ್ಡ. ಕೊನೆಗೆ ರನ್‌ವೇ ಅಂಚಿನಿಂದ 19 ಮೀಟರ್ ದಕ್ಷಿಣಕ್ಕೆ ಹಾದಿ ಗುರುತಿಸಿ, ಹಾರಿಸುವವರ ನಿಲ್ದಾಣದ ಎರಡೂ ಬದಿಗೆ ಅದನ್ನು ತುಂಡರಿಸಿದರು. ಪೂರ್ವಕ್ಕೆ 45 ಮೀಟರ್, ಪಶ್ಚಿಮಕ್ಕೆ 45. ನಡುವೆ ಟೆಂಪೊ ದಾಟುವಂತಿಲ್ಲ. ಸುಣ್ಣದ ಗೆರೆ ಹಾಕಿ ಕೊನೆಯಲ್ಲಿ ಕಲ್ಲಿಟ್ಟರು.

ನಲವತ್ತೈದು ಮೀಟರ್ ಬಹಳ ಎನಿಸುತ್ತದೆ. 25 ಕಿಲೋಮೀಟರ್ ವೇಗಕ್ಕೆ ಏರಲು 12 ಮೀಟರ್, ನಿಲ್ಲಲು 8. ಉಳಿದ 25 ಮೀಟರಿನಲ್ಲಿ ಸಿಗುವುದು ಮೂರೂವರೆ ಸೆಕೆಂಡಿನ ಚಿತ್ರ. ಶನಿವಾರದ ಕ್ಲಿಪ್‌ಗಳೆಲ್ಲ ಕಣ್ಣು ಮಿಟುಕಿಸಿದಷ್ಟೇ. ಭಾನುವಾರ ಬೆಳಿಗ್ಗೆ ಪಶ್ಚಿಮದ ಪಕ್ಕದ ಸಜ್ಜೆ ಕೊಯ್ದ ಹೊಲದ ಯಜಮಾನರನ್ನು ಕೇಳಿ, ಮರದ ಕೊರಡು ಎಳೆಸಿ, ಇನ್ನೂ 40 ಮೀಟರ್ ಹಾದಿ ಮಾಡಿದರು. ಆಗ ಒಂದು ಓಟಕ್ಕೆ ಒಂಬತ್ತು ಸೆಕೆಂಡ್ ಸಿಕ್ಕಿತು. ಎರಡು ದಿನದಲ್ಲಿ ಚಿತ್ರಕ್ಕೆ ಅತಿ ಹೆಚ್ಚು ಉಪಕಾರ ಮಾಡಿದ್ದು ಆ ಕೊರಡು.

ಗಿಂಬಲ್ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ಮೂರು ಅಕ್ಷದ ಗಿಂಬಲ್ ಕ್ಯಾಮೆರಾ ತಿರುಗುವುದನ್ನು ಮಾತ್ರ ತಡೆಯುತ್ತದೆ, ಮೇಲೆ ಕೆಳಗೆ ಕುಣಿಯುವುದನ್ನಲ್ಲ. ಆದರೆ 25 ಮೀಟರ್ ದೂರದ ವಿಷಯಕ್ಕೆ ಕುಣಿತ ಅಷ್ಟು ಕೆಡುಕಲ್ಲ. ಟೆಂಪೊ 3 ಸೆಂಟಿಮೀಟರ್ ಕುಣಿದರೆ ವಿಮಾನ ನಾಲ್ಕೈದು ಪಿಕ್ಸೆಲ್ ಅಲುಗುತ್ತದೆ. ಕ್ಯಾಮೆರಾ ಬರೇ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ತಿರುಗಿದರೆ ಏಳು ಪಿಕ್ಸೆಲ್. ಕುಣಿತ ಎದ್ದು ಕಾಣುವುದು ಹತ್ತಿರದ ಬೇಲಿ, ಹುಲ್ಲಿನಲ್ಲಿ. ಚೌಕಟ್ಟಿನ ಕೆಳಗಿಂದ ಹುಲ್ಲನ್ನು ಬಿಟ್ಟರೆ ಅರ್ಧ ಸಮಸ್ಯೆ ಮಾಯ.

ಉಳಿದರ್ಧಕ್ಕೆ ಕಂಪನ ತಡೆಯುವ ನಾಲ್ಕು ವೈರ್‌ರೋಪ್ ಐಸೋಲೇಟರ್ (ತಂತಿಹಗ್ಗದ ಸ್ಪ್ರಿಂಗ್), ಮೇಲೊಂದು ಕೆಳಗೊಂದು 12 ಮಿಲಿಮೀಟರ್ ಪ್ಲೈವುಡ್ ಹಲಗೆ. ಮೊದಲು ತಂದವು ಹತ್ತಾರು ಕಿಲೋ ಹೊರುವವು. ಕ್ಯಾಮೆರಾ ಮತ್ತು ಗಿಂಬಲ್ ಸೇರಿ 4 ಕಿಲೋ, ಅವು ಅಲುಗಲೇ ಇಲ್ಲ. ಅಲುಗದ ಸ್ಪ್ರಿಂಗ್ ಕಬ್ಬಿಣದ ತುಂಡಿನಂತೆಯೇ. ಅಳತೆ ಸರಳ: ಭಾರ ಇಟ್ಟಾಗ ಹಲಗೆ ಎಷ್ಟು ಮಿಲಿಮೀಟರ್ ಕುಸಿಯುತ್ತದೆ ನೋಡಿ. 3 ಮಿಲಿಮೀಟರ್ ಕುಸಿದರೆ ಅದರ ಸಹಜ ಕಂಪನ ಸುಮಾರು 9 ಹರ್ಟ್ಸ್, 10 ಮಿಲಿಮೀಟರ್ ಕುಸಿದರೆ 5 ಹರ್ಟ್ಸ್. ತಡೆಯಬೇಕಾದ ಕಂಪನ ಅದರ ಮೂರು ಪಟ್ಟಾದರೂ ಇರಬೇಕು. ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುತ್ತ ನಿಂತಿದ್ದರೆ ಕಂಪನ 15 ಹರ್ಟ್ಸ್. ಆದ್ದರಿಂದ 10 ಮಿಲಿಮೀಟರ್ ಕುಸಿತ ಬೇಕು. ಮೆತ್ತನೆಯ ಐಸೋಲೇಟರ್ ಹಾಕಿ, ಮೇಲಿನ ಹಲಗೆಗೆ 5 ಕಿಲೋ ತೂಕದ ಕಲ್ಲು ಕಟ್ಟಿದರು. ತೂಕ ಹೆಚ್ಚಿದಷ್ಟೂ ಒಳ್ಳೆಯದು ಎಂಬುದು ಇಲ್ಲಿ ನಿಜ. ನಿಂತು ಹಿಡಿಯುವಾಗ ಸಾಧ್ಯವಾದರೆ ಎಂಜಿನ್ ಬಂದ್, ಅದಕ್ಕಿಂತ ಒಳ್ಳೆಯ ಐಸೋಲೇಟರ್ ಇಲ್ಲ.

ಖಾಲಿ ಟೆಂಪೊ ಪಟ್ಟಿ ಸ್ಪ್ರಿಂಗಿನ ಮೇಲೆ ಕುದುರೆಯಂತೆ ಜಿಗಿಯುತ್ತದೆ. ಹಿಂದಿನ ಅಚ್ಚಿನ ಮೇಲೆ 25 ಕಿಲೋದ ಎಂಟು ಮರಳು ಚೀಲ. ಟೈರಿನ ಗಾಳಿ ಮಾಲು ತುಂಬಿದಾಗ ಇಡುವುದಕ್ಕಿಂತ 8ರಿಂದ 10 ಪಿಎಸ್‌ಐ ಕಡಿಮೆ. ಸಂಜೆ ರಸ್ತೆಗೆ ಇಳಿಯುವ ಮುನ್ನ ಮತ್ತೆ ತುಂಬಲೇಬೇಕು, ಪಂಪು ಗಾಡಿಯಲ್ಲೇ ಇರಲಿ.

ಗಿಂಬಲ್ ಮೇಲೆ ಕ್ಯಾಮೆರಾದ ಸಮತೋಲ ಹೊಂದಿಸುವಾಗ ಲೆನ್ಸಿನ ಫಿಲ್ಟರ್ ಹಾಕಿ, ಹುಡ್ (ಲೆನ್ಸಿನ ಬಿಸಿಲು ಮರೆ) ತೆಗೆದು, ಜೂಮ್ ಅಲುಗದಂತೆ ಟೇಪು ಅಂಟಿಸಿ ಹೊಂದಿಸಬೇಕು. ಹುಡ್ ಬೇಡ, ಯಾಕೆಂದರೆ ಓಡುವ ಗಾಡಿಗೆ ಎದುರು ಗಾಳಿ ಸೇರಿದರೆ ಲೆನ್ಸಿನ ತುದಿಯನ್ನು ಯಾರೋ ಒತ್ತಿ ಹಿಡಿದಂತಾಗಿ ಮೋಟರ್ ಬಿಸಿಯಾಗುತ್ತದೆ. ಕ್ಯಾಮೆರಾದೊಳಗಿನ ಸ್ಥಿರತೆ ಬಂದ್, ಇಲ್ಲದಿದ್ದರೆ ಅದೂ ಗಿಂಬಲ್ಲೂ ಜಗಳಕ್ಕೆ ಬೀಳುತ್ತವೆ. ಸೆಕೆಂಡಿಗೆ 25 ಚಿತ್ರ, ಶಟರ್ 1/100, ಅಪರ್ಚರ್ 5.6, ಐಎಸ್‌ಒ 100, ಬಿಸಿಲಿಗೆ ಬೆಳಕು ತಗ್ಗಿಸುವ ಎನ್‌ಡಿ8 ಫಿಲ್ಟರ್. ಈ ಶಟರ್‌ಗೆ ಪ್ರೊಪೆಲ್ಲರ್ ತಿರುಗುವ ತಟ್ಟೆಯಂತೆ ಕಾಣುತ್ತದೆ. ವೆಬ್‌ಕ್ಯಾಮ್‌ನಲ್ಲಿ ಅದೇ ಪ್ರೊಪೆಲ್ಲರ್ ಬಾಳೆಹಣ್ಣಿನಂತೆ ಬಾಗಿ ಕಂಡು ಜನ ಕೇಳಿದ್ದೇ ಕೇಳಿದ್ದು. ಅದು ಚಿತ್ರವನ್ನು ಸಾಲು ಸಾಲಾಗಿ ಓದುವ ಸೆನ್ಸರಿನ ಕೆಲಸ, ಪ್ರೊಪೆಲ್ಲರಿಗೆ ಏನೂ ಆಗಿಲ್ಲ.

ಶನಿವಾರದ ಕ್ಲಿಪ್‌ಗಳಲ್ಲಿ ದಿಗಂತ ಒಂದೆರಡು ಡಿಗ್ರಿ ವಾಲಿತ್ತು. ಕಾರಣ ಗಿಂಬಲ್ ಕೆಟ್ಟದ್ದಲ್ಲ. ಕ್ಯಾಮೆರಾ ಗಾಡಿಯ ಪಕ್ಕಕ್ಕೆ ನೋಡುತ್ತಿದೆ. ಗಾಡಿ ಮುಂದಕ್ಕೆ ಜಿಗಿದಾಗ ಆ ಎಳೆತ ಕ್ಯಾಮೆರಾಗೆ ಅಡ್ಡಡ್ಡ ಬರುತ್ತದೆ, ಭೂಮಿ ಯಾವ ಕಡೆ ಎಂದು ಗಿಂಬಲ್ಲಿಗೆ ಗೊಂದಲ. ಒಮ್ಮೆಯಾದರೆ ಸಹಿಸಿಕೊಳ್ಳುತ್ತದೆ. ಓಡು, ನಿಲ್ಲು, ಹಿಂದೆ ಬಾ, ಮತ್ತೆ ಓಡು ಎಂದು ಬಿಡುವಿಲ್ಲದೆ ಮಾಡಿದರೆ ತಪ್ಪನ್ನೇ ನಂಬಿಬಿಡುತ್ತದೆ. ಪ್ರತಿ ಓಟಕ್ಕೆ ಮೊದಲು ಹತ್ತು ಸೆಕೆಂಡ್ ಸುಮ್ಮನೆ ನಿಂತರೆ ಸರಿಹೋಗುತ್ತದೆ.

ಮಾತು

ಟೆಂಪೊದಲ್ಲಿ ಮೂವರು. ಓಡಿಸುವ ಸಾಸವಡದ ದಾದಾ (ಮರಾಠಿಯಲ್ಲಿ ಅಣ್ಣ), ಗಿಂಬಲ್ ಹಿಡಿದವರು, ಪರದೆ ನೋಡದೆ ಆಕಾಶವನ್ನೇ ನೋಡುವ ಇನ್ನೊಬ್ಬರು. ಹಿಂದೆ ಕೂತ ಇಬ್ಬರಿಗೂ ಸೊಂಟಕ್ಕೆ ಬೆಲ್ಟು, ಬೆಲ್ಟು ಗಾಡಿಯ ಕೊಂಡಿಗೆ. ಇದೆಲ್ಲ ಮೈದಾನದೊಳಗೆ ಮಾತ್ರ, ರಸ್ತೆಯಲ್ಲಿ ಸರಕು ಗಾಡಿಯ ಹಿಂದೆ ಜನ ಕೂರುವಂತಿಲ್ಲ. ವಾಕಿಟಾಕಿ 446 ಮೆಗಾಹರ್ಟ್ಸ್‌ನವು. 446.0ರಿಂದ 446.2ರವರೆಗೆ ಭಾರತದಲ್ಲಿ ಲೈಸೆನ್ಸ್ ಬೇಕಿಲ್ಲ, 2.4ಕ್ಕೂ ಸಂಬಂಧವಿಲ್ಲ.

ದಾದಾಗೆ ಮರಾಠಿಯ ಮೂರು ಮಾತು ಸಾಕು ಎಂದುಕೊಂಡರು: ಚಲಾ (ನಡೀರಿ), ಹಳೂ (ನಿಧಾನ), ಥಾಂಬಾ (ನಿಲ್ಲಿ). ಶನಿವಾರ ಯಾರಾದರೂ ವಾಕಿಟಾಕಿಯಲ್ಲಿ "ಹಲೋ, ಹಲೋ, ಕೇಳಸ್ತದೇನ್ರೀ?" ಎಂದಾಗಲೆಲ್ಲ ಗಾಡಿ ನಿಧಾನವಾಗುತ್ತಿತ್ತು. ಗಾಳಿ ಸದ್ದಿನಲ್ಲಿ ಹಲೋ ಮತ್ತು ಹಳೂ ಒಂದೇ. ಮಧ್ಯಾಹ್ನದಿಂದ ಹಳೂ ಬದಲು ಸಾವಕಾಶ. ಅದು ಕನ್ನಡದಲ್ಲೂ ಮರಾಠಿಯಲ್ಲೂ ಒಂದೇ ಮಾತು, ಯಾರಿಗೂ ಕಲಿಸಬೇಕಿಲ್ಲ.

ದಾದಾ ಬೆಳಿಗ್ಗೆ ಜೇಜುರಿಗೆ ಕೈಮುಗಿದು ಬಂದವರು, ಡ್ಯಾಶ್‌ಬೋರ್ಡ್ ತುಂಬ ಭಂಡಾರ. ಕಿಟಕಿ ತೆರೆದಾಗ ಅರಿಶಿನ ಹಾರಿ ಲೆನ್ಸ್ ಮೇಲೆ ಕೂತಿತು. ಬಟ್ಟೆಯಿಂದ ಒರೆಸಿದರೆ ಹಳದಿ ಬಳಿದಂತಾಗುತ್ತದೆ. ಮೊದಲು ಊದುಬುರುಡೆ, ಆಮೇಲೆ ಬ್ರಷ್, ಬಟ್ಟೆ ಕೊನೆಗೆ.

ಭಾನುವಾರ ಮೂರೂಮುಕ್ಕಾಲು

ಮುಂದೆ ಒಂದು ಪ್ರೊಪೆಲ್ಲರ್ ಇರುವ ವಿಮಾನ ಓಡಿ ಏಳುವಾಗ ಎಡಕ್ಕೆ ಎಳೆಯುತ್ತದೆ. ಪ್ರೊಪೆಲ್ಲರ್ ತಿರುಗುವ ಬಲದ ಪ್ರತಿಕ್ರಿಯೆ, ಅದು ಹಿಂದಕ್ಕೆ ಸುರುಳಿಯಾಗಿ ಎಸೆಯುವ ಗಾಳಿ ಬಾಲದ ಎಡಮಗ್ಗುಲಿಗೆ ಬಡಿಯುವುದು, ಎರಡೂ ಸೇರುತ್ತವೆ. ಬೆಳಿಗ್ಗೆ ಪೂರ್ವಕ್ಕೆ ಏರುವಾಗ ಎಡ ಎಂದರೆ ಉತ್ತರ, ಖಾಲಿ ಜಮೀನು. ಮಧ್ಯಾಹ್ನ ಪಶ್ಚಿಮಕ್ಕೆ ಏರುವಾಗ ಎಡ ಎಂದರೆ ದಕ್ಷಿಣ: ಜನ, ಟೆಂಪೊ. ತಂಡಕ್ಕೆ ಇದು ಗೊತ್ತಿತ್ತು. ಹಾಗಾಗಿ ಪಶ್ಚಿಮಕ್ಕೆ ಏರುವಾಗ ಟೆಂಪೊ ಓಡುವಂತಿಲ್ಲ, ಎಂಜಿನ್ ಚಾಲೂ ಇಟ್ಟು ನಿಂತಿರಬೇಕು, ಇಳಿಯುವಾಗ ಮಾತ್ರ ಓಟ ಎಂದು ಮೊದಲೇ ಗೊತ್ತುಮಾಡಿದ್ದರು.

ಭಾನುವಾರ ಮೂರೂಮುಕ್ಕಾಲಿಗೆ ಒಂದು ತರಬೇತಿ ವಿಮಾನ ಪಶ್ಚಿಮಕ್ಕೆ ಓಡಿ, ಬಾಲ ಎತ್ತಿದ ಕ್ಷಣ ಎಡಕ್ಕೆ ತಿರುಗಿ, ನಿಂತಿದ್ದ ಟೆಂಪೊದ ಮುಂದೆಯೇ ಹಾದು ಸುಣ್ಣದ ಗೆರೆಯ ಆಚೆ ಮುಗ್ಗರಿಸಿತು. ಪ್ರೊಪೆಲ್ಲರ್ ಮುರಿಯಿತು, ಯಾರಿಗೂ ಏಟಿಲ್ಲ. ಹಾರಿಸಿದವರು ರಿಮೋಟ್ ಕೈಕೊಟ್ಟಿತು ಎಂದರು. ಮಾತು ಚಿತ್ರೀಕರಣದ ಕಡೆ ತಿರುಗುವ ಹೊತ್ತದು.

ಗಡಿಯಾರಗಳು ಹೊಂದಿದ್ದದ್ದು ಇಲ್ಲಿ ಕೆಲಸಕ್ಕೆ ಬಂತು. ಗಾಳಿಚೀಲದ ಕ್ಯಾಮೆರಾ ಮತ್ತು ಟೆಂಪೊದ ಚಿತ್ರವನ್ನು ಪಕ್ಕಪಕ್ಕ ಇಟ್ಟು ಒಂದೊಂದೇ ಚಿತ್ರ ಸರಿಸಿದರು. ತಿರುಗುವುದಕ್ಕೆ ಎರಡು ಸೆಕೆಂಡ್ ಮೊದಲು ಗಾಳಿಚೀಲದ ಬಾಯಿ ಪಶ್ಚಿಮದಿಂದ ನೈಋತ್ಯಕ್ಕೆ ಹೊರಳಿದೆ. ಅಡ್ಡಗಾಳಿ ಬಾಲವನ್ನು ತಳ್ಳಿ ಮೂತಿಯನ್ನು ಗಾಳಿಯತ್ತ, ಅಂದರೆ ಮತ್ತೆ ಎಡಕ್ಕೇ, ತಿರುಗಿಸುತ್ತದೆ. ಟೆಂಪೊದ ಚಿತ್ರದಲ್ಲಿ ಬಾಲದ ಚುಕ್ಕಾಣಿ ಬಲಕ್ಕೆ ಪೂರ್ತಿ ಹೊರಳಿದ್ದು ಸ್ಪಷ್ಟವಾಗಿ ಕಾಣುತ್ತದೆ. ವಿಮಾನ ರಿಮೋಟಿನ ಮಾತು ಕೇಳಿದೆ, ಚುಕ್ಕಾಣಿಯ ಶಕ್ತಿ ಸಾಲದೆ ಹೋಗಿದೆ. 300 ಪಿಕ್ಸೆಲ್ ಇಲ್ಲದಿದ್ದರೆ ಚುಕ್ಕಾಣಿ ಕಾಣುತ್ತಿರಲಿಲ್ಲ, ವೆಬ್‌ಕ್ಯಾಮ್ ಇಲ್ಲದಿದ್ದರೆ ಗಾಳಿ ಕಾಣುತ್ತಿರಲಿಲ್ಲ.

ಅರ್ಧ ಗಂಟೆಯಲ್ಲಿ ನಿಯಮಕ್ಕೆ ಇನ್ನೊಂದು ಸಾಲು ಸೇರಿತು. ಪಶ್ಚಿಮಕ್ಕೆ ಏರುವಾಗ ಗಾಳಿಚೀಲದ ಬಾಯಿ ದಕ್ಷಿಣದ ಕಡೆ ಹೊರಳಿದ್ದರೆ ಟೆಂಪೊ ಹಾದಿಯಲ್ಲೇ ಇರಬಾರದು, ಹಿಂದೆ ಸರಿದು ಪ್ರೇಕ್ಷಕರ ಬಲೆಯ ಪಕ್ಕಕ್ಕೆ ಹೋಗಬೇಕು. ಉಳಿದ ಎರಡು ಗಂಟೆಯಲ್ಲಿ ಟೆಂಪೊಗೆ ಸಿಕ್ಕಿದ್ದು ಆರೇ ಓಟ.

ಆರೂಕಾಲಕ್ಕೆ ಸೂರ್ಯ ಮುಳುಗಿದ ಮೇಲೆ ಕೇಬಲ್ ಸುತ್ತಲು ಮೂವರಿಗೆ ಒಂದೂವರೆ ಗಂಟೆ. ಎಂಟು ತುದಿಗಳಲ್ಲಿ ಐದರ ಕನೆಕ್ಟರ್‌ನಲ್ಲಿ ಗರಸು ಸೇರಿಕೊಂಡು ಕೊಂಡಿ ಮುರಿದಿತ್ತು. ಕತ್ತರಿಸಿ ಹೊಸದು ಹಾಕಿ, ಪ್ರತಿ ತುದಿಗೂ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟರು.